ಭೂಮಿ ಬಿಸಿಯಾಗುವುದು ಸಹಜ ಚಕ್ರ ಅಲ್ವಾ? ಮನುಷ್ಯರೇ ಕಾರಣ ಅಂತ ಹೇಗೆ ಗೊತ್ತಾಯಿತು?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತಿವೆ. ಹಿಮಯುಗಗಳು ಬಂದು ಹೋದಾಗ ಕಾರೂ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ, ಈಗಿನ ಬಿಸಿಯೂ ಅಂಥದ್ದೇ ಇರಬಹುದಲ್ವಾ ಅನ್ನುವುದು ಒಂದು. ಈ ಸಲ ನಿಮ್ಮೂರಲ್ಲಿ ಚಳಿ ತಡೆಯೋಕಾಗಲಿಲ್ಲ, ಮತ್ತೆಲ್ಲಿಯ ಬಿಸಿ ಅನ್ನುವುದು ಇನ್ನೊಂದು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ತರಗತಿಯಲ್ಲಿ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಇದು. ಸಮಾಧಾನವಾಗಿ ಉತ್ತರ ಸಿಗದಿದ್ದರೆ ಯಾರಿಗಾದರೂ ಅನುಮಾನ ಉಳಿಯುತ್ತದೆ.

ಚಳಿಯ ಮಾತು ಮೊದಲು ಮುಗಿಸುತ್ತೇನೆ. ನಮ್ಮ ಮನೆ ಮೂಡಿಗೆರೆ ಕಡೆ, ಸಣ್ಣ ಕಾಫಿ ತೋಟ. ಅಜ್ಜ ಪ್ರತಿ ದಿನ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು. ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನದ ಅಂಕಿ ಮಾತ್ರ ಕೆಂಪು ಪೆನ್ನಿನಲ್ಲಿ. ಈಗ ಅಪ್ಪ ಬರೆಯುತ್ತಾರೆ. ಆ ಡೈರಿಯ ಯಾವುದೋ ಒಂದು ವರ್ಷ ತೆಗೆದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ವರ್ಷ ಜಾಸ್ತಿ, ಮರುವರ್ಷ ಕಡಿಮೆ. ಹವಾಮಾನ ಇಲಾಖೆಗಳು ಮೂವತ್ತು ವರ್ಷದ ಸರಾಸರಿ ಇಟ್ಟುಕೊಂಡು ಮಾತಾಡುವುದು ಅದಕ್ಕೇ. ಒಂದು ಚಳಿಗಾಲ ಏನನ್ನೂ ಸುಳ್ಳು ಮಾಡುವುದಿಲ್ಲ, ಹಾಗೆಯೇ ಒಂದು ಬೇಸಿಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಇನ್ನೊಂದು ವಿಷಯ: ಡೈರಿ ಏನಾಯಿತು ಅಂತ ಹೇಳುತ್ತದೆ, ಯಾಕಾಯಿತು ಅಂತ ಹೇಳುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು.

ಈಗ ಸಹಜ ಚಕ್ರ. ಇದು ಖಂಡಿತ ಇದೆ, ಅದರಲ್ಲಿ ಒಂದು ನಮ್ಮ ಪಂಚಾಂಗದಲ್ಲೇ ಇದೆ! ನಾವು ಮಕರ ಸಂಕ್ರಾಂತಿಯನ್ನು ಜನವರಿ 14 ಅಥವಾ 15ಕ್ಕೆ ಆಚರಿಸುತ್ತೇವೆ, ಅಂದು ಉತ್ತರಾಯಣ ಶುರು ಅನ್ನುತ್ತೇವೆ. ಆದರೆ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ. ಸುಮಾರು 1,700 ವರ್ಷದ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುವುದರಿಂದ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದಿದೆ. ಪಂಚಾಂಗದವರು ಲೆಕ್ಕ ಹಾಕುವ ಅಯನಾಂಶ ಇದೇ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಸರ್ಬಿಯಾದ ಮಿಲಾಂಕೋವಿಚ್ ಎಂಬ ಗಣಿತಜ್ಞ ಕಳೆದ ಶತಮಾನದ ಮೊದಲರ್ಧದಲ್ಲಿ ಈ ಓಲಾಟ, ಅಕ್ಷದ ವಾಲು, ಕಕ್ಷೆಯ ಆಕಾರ ಮೂರನ್ನೂ ಸೇರಿಸಿ ಹಿಮಯುಗಗಳ ಲೆಕ್ಕ ಕೊಟ್ಟರು.

ಅಂದರೆ ಸಹಜ ಚಕ್ರವನ್ನು ವಿಜ್ಞಾನಿಗಳು ಮರೆತಿಲ್ಲ. ಅದರ ನಡಿಗೆ ಎಷ್ಟು ನಿಧಾನ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹಿಮಯುಗ ಮುಗಿದಾಗ ಗಾಳಿಯಲ್ಲಿ ಶಾಖ ಹಿಡಿದಿಡುವ ಅನಿಲ ಕಾರ್ಬನ್ ಡೈಆಕ್ಸೈಡ್ 180 ಪಿಪಿಎಂ ಹತ್ತಿರದಿಂದ 280ರ ಹತ್ತಿರಕ್ಕೆ ಏರಿತು. ಪಿಪಿಎಂ ಅಂದರೆ ಹತ್ತು ಲಕ್ಷ ಅಣುಗಳಲ್ಲಿ ಇಷ್ಟು ಅಂತ. ಆ ನೂರು ಏರಲು ಸಾವಿರಾರು ವರ್ಷ ಬೇಕಾಯಿತು. ಈಗ? 1958ರಲ್ಲಿ 315ರಷ್ಟಿದ್ದದ್ದು 2024ರಲ್ಲಿ 424 ದಾಟಿದೆ. ನೂರಕ್ಕೂ ಜಾಸ್ತಿ ಏರಿಕೆ, ಒಬ್ಬ ಮನುಷ್ಯನ ಆಯಸ್ಸಿನೊಳಗೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಕೊಂಡ ಹಳೇ ಗಾಳಿಯ ಗುಳ್ಳೆಗಳನ್ನು ಅಳೆದಿದ್ದಾರೆ. ಮನುಷ್ಯ ಕಲ್ಲಿದ್ದಲು ಸುಡಲು ಶುರು ಮಾಡುವ ತನಕ, ಎಂಟು ಲಕ್ಷ ವರ್ಷದಲ್ಲಿ ಒಮ್ಮೆಯೂ ಅದು 300 ಮುಟ್ಟಿದಂತಿಲ್ಲ. ಇನ್ನೂ ಒಂದು ಮಾತು. ಕಕ್ಷೆಯ ಲೆಕ್ಕದ ಪ್ರಕಾರ ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಭೂಮಿ ತುಂಬಾ ನಿಧಾನಕ್ಕೆ ತಣ್ಣಗಾಗುತ್ತಾ ಹೋಗಬೇಕಿತ್ತು.

ಸರಿ, ಈ ಜಾಸ್ತಿಯಾದ ಇಂಗಾಲ ನಮ್ಮದೇ ಅಂತ ಹೇಗೆ ಗೊತ್ತು? ಸಮುದ್ರದಿಂದಲೋ ಜ್ವಾಲಾಮುಖಿಯಿಂದಲೋ ಬಂದಿರಬಹುದಲ್ಲ? ನನಗೆ ಈ ಭಾಗ ತುಂಬಾ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಗಾಲದಲ್ಲಿ ಕಾರ್ಬನ್-14 ಅಂತ ಒಂದು ಬಗೆ ಇದೆ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಗಾಳಿಯಲ್ಲಿ ಅದು ಹುಟ್ಟುತ್ತಲೇ ಇರುತ್ತದೆ. ಬದುಕಿರುವ ಗಿಡ, ಪ್ರಾಣಿ ಎಲ್ಲದರಲ್ಲೂ ಇರುತ್ತದೆ. ಸತ್ತ ಮೇಲೆ 5,730 ವರ್ಷಕ್ಕೆ ಅರ್ಧ, ಮತ್ತೆ ಅಷ್ಟೇ ವರ್ಷಕ್ಕೆ ಅದರ ಅರ್ಧ, ಹೀಗೆ ಕರಗುತ್ತದೆ. ಕಲ್ಲಿದ್ದಲು, ಪೆಟ್ರೋಲು ಕೋಟ್ಯಂತರ ವರ್ಷ ಹಳೆಯವು, ಅವುಗಳಲ್ಲಿ ಕಾರ್ಬನ್-14 ಉಳಿದೇ ಇಲ್ಲ. ಹಾಗಾಗಿ ಅವನ್ನು ಸುಟ್ಟಷ್ಟೂ ಗಾಳಿಯಲ್ಲಿ ಅದರ ಪಾಲು ತೆಳುವಾಗಬೇಕು, ಹಾಲಿಗೆ ನೀರು ಬೆರೆಸಿದ ಹಾಗೆ. ಹ್ಯಾನ್ಸ್ ಸೂಸ್ ಎಂಬ ವಿಜ್ಞಾನಿ 1955ರಲ್ಲೇ ಮರದ ಉಂಗುರಗಳಲ್ಲಿ ಈ ನೀರು ಬೆರೆತದ್ದನ್ನು ಕಂಡುಹಿಡಿದರು.

ಜ್ವಾಲಾಮುಖಿಯ ಇಂಗಾಲವೂ ಹಳೆಯದೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಅಲ್ಲಿಗೆ ಎರಡನೇ ಸಾಕ್ಷಿ ಆಮ್ಲಜನಕ. ಒಲೆ ಉರಿಯಲು ಆಮ್ಲಜನಕ ಬೇಕು, ಜ್ವಾಲಾಮುಖಿ ಅನಿಲ ಉಗುಳಲು ಬೇಡ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಕಾರ್ಬನ್ ಡೈಆಕ್ಸೈಡ್ ಅಳತೆ ಶುರು ಮಾಡಿದವರು ಚಾರ್ಲ್ಸ್ ಕೀಲಿಂಗ್. ಅವರ ಮಗ ರಾಲ್ಫ್ ಕೀಲಿಂಗ್ ಆಮ್ಲಜನಕವನ್ನು ಅಷ್ಟೇ ಸೂಕ್ಷ್ಮವಾಗಿ ಅಳೆಯುವ ದಾರಿ ಕಂಡುಕೊಂಡರು. ಅಪ್ಪನ ಗೆರೆ ಏರುತ್ತಿದೆ, ಮಗನ ಗೆರೆ ಇಳಿಯುತ್ತಿದೆ. (ಉಸಿರಾಟಕ್ಕೇನೂ ತೊಂದರೆ ಇಲ್ಲ, ಇಳಿಕೆ ತೀರಾ ಸಣ್ಣದು.) ಆ ಇಳಿಕೆ, ಇಂಧನ ಸುಡುವ ಲೆಕ್ಕದ ಜೊತೆ ಹೊಂದುತ್ತದೆ. ಪ್ರಪಂಚದ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಉಗುಳುವ ಕಾರ್ಬನ್ ಡೈಆಕ್ಸೈಡ್, ನಾವು ಬಿಡುವುದರ ನೂರಕ್ಕೆ ಒಂದು ಭಾಗವೂ ಇಲ್ಲ.

ಸೂರ್ಯನೇ ಜಾಸ್ತಿ ಕಾಯುತ್ತಿದ್ದರೆ? 1978ರಿಂದ ಉಪಗ್ರಹಗಳು ಸೂರ್ಯನನ್ನು ಅಳೆಯುತ್ತಿವೆ, ಹನ್ನೊಂದು ವರ್ಷದ ಏರಿಳಿತ ಬಿಟ್ಟರೆ ಏರಿಕೆ ಕಾಣುತ್ತಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ನಮ್ಮ ತಲೆ ಮೇಲಿದೆ. ಸೂರ್ಯ ಕಾರಣವಾಗಿದ್ದರೆ ವಾಯುಮಂಡಲ ಬುಡದಿಂದ ತುದಿವರೆಗೆ ಬಿಸಿಯಾಗಬೇಕಿತ್ತು. ಆದರೆ ಕೆಳಗಿನ ಪದರ ಬಿಸಿಯಾಗುತ್ತಿದೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಓಝೋನ್ ಕಡಿಮೆಯಾದದ್ದೂ ಇದಕ್ಕೆ ಒಂದು ಕಾರಣ, ಅದನ್ನು ಕಳೆದ ಮೇಲೂ ಲೆಕ್ಕ ಉಳಿಯುತ್ತದೆ. ದಪ್ಪ ಕಂಬಳಿ ಹೊದ್ದರೆ ಒಳಗೆ ಬೆಚ್ಚಗೆ, ಮೇಲುಮೈ ತಣ್ಣಗೆ ಇರುತ್ತದಲ್ಲ, ಸುಮಾರು ಹಾಗೆ. ಹೀಗೇ ಆಗುತ್ತದೆ ಅಂತ ಸ್ಯುಕುರೋ ಮನಾಬೆ ಮತ್ತು ಜೊತೆಗಾರರು 1967ರಲ್ಲೇ ಬರೆದಿದ್ದರು. 2021ರಲ್ಲಿ ಮನಾಬೆಯವರಿಗೆ ನೊಬೆಲ್ ಬಂತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಅವರನ್ನು ಇಲ್ಲಿ ನೆನೆಯಲೇಬೇಕು. ಮೊದಲು ಅವರು ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಯಲ್ಲಿದ್ದರು, ಅನಿಲ ಸೋರದ ಹಾಗೆ ನೋಡುವುದು ಅವರ ಕೆಲಸ. ಮುಂದೆ ಅಮೆರಿಕಕ್ಕೆ ಹೋಗಿ, ಅದೇ ಜಾತಿಯ ಅನಿಲ ಒಂದೊಂದು ಅಣುವಿಗೆ ಕಾರ್ಬನ್ ಡೈಆಕ್ಸೈಡ್‌ಗಿಂತ ಹತ್ತು ಸಾವಿರ ಪಟ್ಟು ಜಾಸ್ತಿ ಶಾಖ ಹಿಡಿಯುತ್ತದೆ ಅಂತ 1975ರಲ್ಲಿ ತೋರಿಸಿಕೊಟ್ಟರು. 2000ದ ಹೊತ್ತಿಗೆ ಬಿಸಿಯೇರಿಕೆ ಅಳತೆಗೆ ಸಿಗುತ್ತದೆ ಅಂತ 1980ರಲ್ಲಿ ಒಬ್ಬ ಜೊತೆಗಾರರೊಡನೆ ಸೇರಿ ಬರೆದರು. ಹಾಗೆಯೇ ಆಯಿತು. ಸುಮ್ನೆ ಆದ ಮೇಲೆ ಕಾರಣ ಹುಡುಕಿದ್ದಾಗಿದ್ದರೆ ನನಗೂ ಅನುಮಾನ ಇರುತ್ತಿತ್ತು.

"ಮನುಷ್ಯರು" ಅಂತ ಎಲ್ಲರನ್ನೂ ಒಂದೇ ಗೋಣಿಗೆ ತುಂಬುವುದಕ್ಕೆ ಮಾತ್ರ ನನ್ನ ತಕರಾರಿದೆ. ಇಂಧನ ಸುಡುವುದರಿಂದ ಭಾರತದಲ್ಲಿ ತಲೆಗೆ ವರ್ಷಕ್ಕೆ ಎರಡು ಟನ್ ಚಿಲ್ಲರೆ ಕಾರ್ಬನ್ ಡೈಆಕ್ಸೈಡ್, ಅಮೆರಿಕದಲ್ಲಿ ಹದಿನಾಲ್ಕು ಟನ್ ಆಸುಪಾಸು.

ಮತ್ತೆ, ಎಲ್ಲಾ ಅನಾಹುತಕ್ಕೂ ಹವಾಮಾನ ಬದಲಾವಣೆ ಅಂತ ಹೆಸರಿಡುವುದೂ ಸರಿಯಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮಳೆ ಭಾರಿ ಇತ್ತು, ನಿಜ. ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದೂ ನಿಜ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ, ಹಾಗಾಗಿ ಬಿದ್ದರೆ ಜೋರಾಗಿ ಬೀಳುತ್ತದೆ. ಆದರೆ ಗುಡ್ಡವನ್ನು ಕಡಿದವರ ಹೆಸರು ಗಾಳಿಯ ಲೆಕ್ಕಕ್ಕೆ ಹೋಗಬಾರದು.

ನಿಮ್ಮ ಮನೆಯಲ್ಲಿ ಹಳೇ ಮಳೆ ಡೈರಿ ಇದ್ದರೆ ರದ್ದಿಗೆ ಹಾಕಬೇಡಿ, ಒಂದೊಂದು ಪುಟವನ್ನೂ ಫೋಟೋ ತೆಗೆದಿಡಿ. ಅಜ್ಜನ 1974ರ ಡೈರಿಗೆ ಗೆದ್ದಲು ಹಿಡಿದಿತ್ತು. ಹೂಮಳೆಯ ಕೆಂಪು ಅಂಕಿ ಉಳಿದಿದೆ, ಜೂನ್ ಜುಲೈ ಪುಟಗಳು ಪೂರ್ತಿ ಹೋಗಿವೆ.