ಅಡಿಬರಹ ಬೇಕೇ ಬೇಕು

ಪತ್ರ: ಕಳೆದ ಸಂಚಿಕೆಯ ಸಂತೆಯ ಫೋಟೊ ಬಹಳ ಚೆನ್ನಾಗಿತ್ತು. ಆದರೆ ಅದರಡಿ ಐದು ಸಾಲು ವಿವರ ಏಕೆ? ಎಲ್ಲಿ, ಯಾವತ್ತು, ಎಷ್ಟು ಕ್ರಾಪ್ ಮಾಡಿದ್ದು, ಇದೆಲ್ಲ ಯಾರಿಗೆ ಬೇಕು? ಒಂದು ಚಿತ್ರ ಸಾವಿರ ಪದಕ್ಕೆ ಸಮ ಅಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪುಟ ಮಗುಚದೆ ನಿಂತು ಚಿತ್ರ ನೋಡಿದ್ದೀರಿ, ಸಂತೋಷ. ಐದು ಸಾಲು ಹೆಚ್ಚಾಯಿತು, ಅದನ್ನೂ ಒಪ್ಪಿದೆ. ಮಿಕ್ಕಿದ್ದನ್ನು ಒಪ್ಪಲಾರೆ.

ಸಾವಿರ ಪದದ ಆ ಮಾತನ್ನು ಊರೆಲ್ಲ ಹಬ್ಬಿಸಿದ್ದು ಅಮೆರಿಕದ ಜಾಹೀರಾತಿನವರು. 1921ರಲ್ಲಿ ಫ್ರೆಡ್ ಬರ್ನಾರ್ಡ್ ಎಂಬುವರು ಜಾಹೀರಾತು ಉದ್ಯಮದ ಪತ್ರಿಕೆಯೊಂದರಲ್ಲಿ ಅದನ್ನು ಬಳಸಿದರು, 1927ರಲ್ಲಿ ‘ಹತ್ತು ಸಾವಿರ ಪದ’ ಮಾಡಿ ಚೀನೀ ಗಾದೆ ಎಂಬ ಹಣೆಪಟ್ಟಿಯನ್ನೂ ಹಚ್ಚಿದರು. ನಮ್ಮಲ್ಲಿ ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದವನ ಪಾಡು ನಿಮಗೆ ಗೊತ್ತೇ ಇದೆ. ಫೋಟೊದಲ್ಲಿ ಮರ ಕಾಣುತ್ತದೆ, ಲೋಟ ಕಾಣುತ್ತದೆ. ಒಳಗಿದ್ದದ್ದು ಮಜ್ಜಿಗೆ ಎಂದು ಹೇಳಬೇಕಾದ್ದು ಅಡಿಬರಹ.

ಫೋಟೊ ತಿದ್ದದೆಯೇ ಅದರ ಮಾತು ಬದಲಾಗುತ್ತದೆ. ಮನೆಯಲ್ಲೇ ಮಾಡಿ ನೋಡಿ. ಮನೆಯವರೊಬ್ಬರ ಮುಖವನ್ನು ಒಂದು ಅಡಿ ದೂರದಿಂದ ಮೊಬೈಲಿನಲ್ಲಿ ತೆಗೆಯಿರಿ. ಆಮೇಲೆ ಆರು ಅಡಿ ಹಿಂದೆ ಸರಿದು, ಮುಖ ಅಷ್ಟೇ ದೊಡ್ಡದಾಗುವಂತೆ ಝೂಮ್ ಮಾಡಿ ಇನ್ನೊಂದು ತೆಗೆಯಿರಿ. ಮೊದಲನೆಯದರಲ್ಲಿ ಮೂಗು ಉಬ್ಬಿ, ಕಿವಿ ಹಿಂದಕ್ಕೆ ಅಡಗಿರುತ್ತದೆ. ಮೂಗಿನ ತುದಿಗೂ ಕಿವಿಗೂ ನಾಲ್ಕೈದು ಇಂಚು ಅಂತರ. ಒಂದು ಅಡಿಯಲ್ಲಿ ಅದು ಮೂರರಲ್ಲೊಂದು ಪಾಲು, ಆರು ಅಡಿಯಲ್ಲಿ ಲೆಕ್ಕಕ್ಕೇ ಇಲ್ಲ. ಆಗದವರ ಮುಖಕ್ಕೆ ಯಾವ ಚಿತ್ರ ಆರಿಸುತ್ತಾರೆ ಎಂದು ಬೇರೆ ಹೇಳಬೇಕೆ?

ಸಭೆಯ ಚಿತ್ರವೂ ಹೀಗೇ. ರಸ್ತೆಯ ಆ ತುದಿಯಿಂದ, ದೂರದ್ದನ್ನು ಹತ್ತಿರಕ್ಕೆ ಎಳೆಯುವ 200 ಎಂ.ಎಂ. ಲೆನ್ಸ್ ಹಾಕಿ, ಎದೆಮಟ್ಟದಲ್ಲಿ ಹಿಡಿದರೆ ನೂರೇ ಜನ ತಲೆಗೆ ತಲೆ ತಾಗಿದಂತೆ ಕಾಣುತ್ತಾರೆ: ‘ಜನಸಾಗರ’. ಅದೇ ಹೊತ್ತಿಗೆ ಮಹಡಿಯಿಂದ ತೆಗೆದರೆ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ: ‘ನೀರಸ ಪ್ರತಿಕ್ರಿಯೆ’. ನೀವು ಮೆಚ್ಚಿದ ಸಂತೆಯ ಚಿತ್ರದಲ್ಲಿ ಎಡಗಡೆಯ ಕಾಲು ಭಾಗ ಕತ್ತರಿಸಿದ್ದೆವು. ಅಲ್ಲಿದ್ದದ್ದು ಖಾಲಿ ಅಂಗಡಿಗಳ ಸಾಲು. ಅದನ್ನು ಹೇಳದಿದ್ದರೆ ಸಂತೆ ಕಿಕ್ಕಿರಿದಿತ್ತೆಂದೇ ನೀವು ನಂಬುತ್ತಿದ್ದಿರಿ.

ಇನ್ನು ತಿದ್ದಿದಾಗಿನ ಕತೆ. 1994ರ ಜೂನ್‌ನಲ್ಲಿ ಅಮೆರಿಕದ ವಾರಪತ್ರಿಕೆಗಳಾದ ಟೈಮ್, ನ್ಯೂಸ್‌ವೀಕ್ ಎರಡೂ, ಕೊಲೆ ಆರೋಪದಲ್ಲಿ ಬಂಧಿತರಾಗಿದ್ದ ಅಲ್ಲಿನ ಮಾಜಿ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ಅವರ ಒಂದೇ ಪೊಲೀಸ್ ಫೋಟೊವನ್ನು ಮುಖಪುಟಕ್ಕೆ ಹಾಕಿದವು. ಟೈಮ್‌ನದು ಮಾತ್ರ ಕಪ್ಪು ಕವಿದಂತಿತ್ತು, ಮುಖ ನೆರಳಿನಲ್ಲಿ ಮುಳುಗಿತ್ತು. ಪಕ್ಕಪಕ್ಕ ಇಟ್ಟವರಿಗೆ ತಕ್ಷಣ ಗೊತ್ತಾಯಿತು. ವಿಚಾರಣೆಯೇ ಶುರುವಾಗಿರಲಿಲ್ಲ, ಮಸಿ ಆಗಲೇ ತೀರ್ಪು ಕೊಟ್ಟಾಗಿತ್ತು. ಒಂದನ್ನೇ ಕಂಡವರಿಗೆ ಅನುಮಾನ ಎಲ್ಲಿಂದ ಬರಬೇಕು?

ನನ್ನ ಹೊಟ್ಟೆಯುರಿ ಇರುವುದು ‘ಸಾಂದರ್ಭಿಕ ಚಿತ್ರ’ದ ಮೇಲೆ. ಬರದ ಸುದ್ದಿಗೆ ತಲೆ ಮೇಲೆ ಕೈ ಹೊತ್ತ ರೈತ. ಸಾಲದ ಸುದ್ದಿಗೂ ಅವನೇ, ಬೆಳೆ ವಿಮೆಗೂ ಅವನೇ. ಯಾವ ಜಿಲ್ಲೆಯವನು, ಯಾವ ವರ್ಷದ ಚಿತ್ರ? ಆತ ಸಾಲಗಾರನಲ್ಲದಿದ್ದರೆ? ಸುದ್ದಿ ಮರೆತುಹೋಗುತ್ತದೆ, ಮುಖ ಉಳಿಯುತ್ತದೆ. ‘ಚಿತ್ರಕೃಪೆ: ಅಂತರ್ಜಾಲ’ ಇನ್ನೂ ಕೆಟ್ಟದ್ದು. ತೆಗೆದವರ ಹೆಸರಿಲ್ಲವೆಂದರೆ ಊರು, ದಿನ ಕೇಳಿ ತಿಳಿಯಲು ಯಾರೂ ಸಿಗುವುದಿಲ್ಲ. ಮಳೆಗಾಲ ಬಂತೆಂದರೆ ಎಂದಿನದೋ ಪ್ರವಾಹದ ಚಿತ್ರ ನಿಮ್ಮೂರಿನ ಹೆಸರು ಹೊತ್ತು ವಾಟ್ಸ್ಆ್ಯಪ್‌ಗೆ ಬರುತ್ತದೆ. ಆ ಚಾಳಿ ಕಲಿಸಿದವರಲ್ಲಿ ನಾವು ಪತ್ರಿಕೆಯವರೂ ಇದ್ದೇವೆ. ನೀವೂ ಫಾರ್ವರ್ಡ್ ಮಾಡುವ ಮುನ್ನ ಅಂಗಡಿ ಬೋರ್ಡಿನ ಭಾಷೆ, ಲಾರಿಯ ನಂಬರು ಪ್ಲೇಟು ನೋಡಿ. ಚಿತ್ರವನ್ನೇ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದರೆ ಎಷ್ಟೋ ಸಲ ಹಳೆಯ ಮೂಲವೇ ಸಿಗುತ್ತದೆ.

ಮುಂದಿನ ಸಂಚಿಕೆಯಿಂದ ಅಡಿಬರಹ ಎರಡು ಸಾಲಿಗೆ ಇಳಿಯುತ್ತದೆ. ಊರು, ತಾರೀಕು, ತೆಗೆದವರ ಹೆಸರು, ಕತ್ತರಿಸಿದ್ದರೆ ಎಷ್ಟು ಎಂಬುದು ಅದರಲ್ಲಿರುತ್ತದೆ. ವಿಶೇಷಣಗಳನ್ನು ಕೈಬಿಡುತ್ತೇವೆ.
– ಸಂ.