ವಿಶ್ವವಿದ್ಯಾಲಯದ ಕೋರ್ ಫೆಸಿಲಿಟಿಯನ್ನು ಯಾವಾಗ, ಹೇಗೆ ಬಳಸಿಕೊಳ್ಳಬೇಕು?

ಪಿಎಚ್‌ಡಿಯ ಮೊದಲ ವರ್ಷದಲ್ಲಿರುವ ನೀವು ಮೂರು ವಿಷಯ ಕೇಳಿದ್ದೀರಿ. ನಿಮ್ಮ ಪ್ರಯೋಗಾಲಯದಲ್ಲಿ ದೊಡ್ಡ ಉಪಕರಣಗಳಿಲ್ಲದ ಕಾರಣ ವಿಶ್ವವಿದ್ಯಾಲಯದ ಕೋರ್ ಫೆಸಿಲಿಟಿಯನ್ನು, ಅಂದರೆ ದುಬಾರಿ ಉಪಕರಣಗಳನ್ನು ಎಲ್ಲರೂ ಹಂಚಿಕೊಂಡು ಬಳಸುವ ಘಟಕವನ್ನು, ಬಳಸಿಕೊಳ್ಳುವಂತೆ ಮಾರ್ಗದರ್ಶಕರು ಹೇಳಿದ್ದಾರೆ. ಮಾದರಿಗಳು ಸಿದ್ಧವಾದ ಮೇಲೆ ಅಲ್ಲಿಗೆ ಹೋದರೆ ಸಾಕೇ, ನಮ್ಮದೇ ಸಂಸ್ಥೆಯ ಉಪಕರಣಕ್ಕೆ ಶುಲ್ಕವೇಕೆ, ಅಲ್ಲಿನವರ ಹೆಸರನ್ನು ಪ್ರಬಂಧದಲ್ಲಿ ಸೇರಿಸಬೇಕೇ? ಇಂಥದ್ದೇ ಒಂದು ಘಟಕದಲ್ಲಿ ಫ್ಲೋ ಸೈಟೋಮೆಟ್ರಿ (ಜೀವಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹರಿಸಿ ಅಳೆಯುವ ವಿಧಾನ) ಮತ್ತು ಸೂಕ್ಷ್ಮದರ್ಶಕಗಳ ವಿಭಾಗವನ್ನು ನೋಡಿಕೊಳ್ಳುವ ನನಗೆ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮಾದರಿ ಸಿದ್ಧವಾದ ಮೇಲೆ ಬಂದರೆ ಬಹಳ ಸಲ ತಡವಾಗಿರುತ್ತದೆ. ಪ್ರಯೋಗದ ರೂಪುರೇಷೆ ಇನ್ನೂ ಕಾಗದದ ಮೇಲಿರುವಾಗಲೇ, ಸಾಧ್ಯವಾದರೆ ಕೋಶಗಳನ್ನು ಗುರುತಿಸಲು ಹಚ್ಚುವ ಬಣ್ಣದ ಪ್ರತಿಕಾಯಗಳನ್ನು ಖರೀದಿಸುವ ಮೊದಲೇ ಬನ್ನಿ. ಉದಾಹರಣೆಗೆ, ಬೇಕಾದ ಜೀವಕೋಶಗಳನ್ನು ಮಿಶ್ರಣದಿಂದ ಬೇರ್ಪಡಿಸುವ ಯಂತ್ರವಾದ ಸೆಲ್ ಸಾರ್ಟರನ್ನು ತೆಗೆದುಕೊಳ್ಳಿ. ಸಾವಿರಕ್ಕೆ ಒಂದರಂತಿರುವ ಅಪರೂಪದ ಜೀವಕೋಶಗಳು ನಿಮಗೆ ಒಂದು ಲಕ್ಷ ಬೇಕಾಗಿವೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಕನಿಷ್ಠ ಹತ್ತು ಕೋಟಿ ಕೋಶಗಳು ಯಂತ್ರದ ಮೂಲಕ ಹಾದುಹೋಗಬೇಕು; ಸೆಕೆಂಡಿಗೆ 10,000 ಕೋಶಗಳಂತೆ ಓಡಿಸಿದರೂ 10,000 ಸೆಕೆಂಡು, ಅಂದರೆ ಸುಮಾರು ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಲೇಸರ್‌ಗಳು ಬಿಸಿಯಾಗಿ ಹನಿಗಳ ಹರಿವು ಸ್ಥಿರವಾಗಲು ಬೇಕಾದ ಸಮಯವಾಗಲಿ, ಬೇರ್ಪಡಿಸುವಾಗ ನಷ್ಟವಾಗುವ ಕೋಶಗಳಾಗಲಿ ಈ ಲೆಕ್ಕದಲ್ಲಿ ಸೇರಿಲ್ಲ. ಒಂದು ಗಂಟೆಯ ಸ್ಲಾಟ್ ಕಾಯ್ದಿರಿಸಿಕೊಂಡು ಬಂದ ವಿದ್ಯಾರ್ಥಿಗೆ ಇದು ಯಂತ್ರದ ಮುಂದೆ ಕುಳಿತ ಮೇಲೆ ತಿಳಿದರೆ, ಐಸ್‌ನಲ್ಲಿಟ್ಟ ಕೋಶಗಳು ಒಂದೊಂದಾಗಿ ಸಾಯುತ್ತಿರುವುದನ್ನು ನೋಡುತ್ತಾ ಕೂರಬೇಕಾಗುತ್ತದೆ. ಮೊದಲೇ ಕೇಳಿದ್ದರೆ, ಬೇಡದ ಕೋಶಗಳನ್ನು ಕಾಂತೀಯ ಮಣಿಗಳಿಂದ ಮುಂಚಿತವಾಗಿ ತೆಗೆದುಹಾಕುವ ವಿಧಾನ ಸೂಚಿಸಿ ಈ ಸಮಯವನ್ನು ಹಲವು ಪಟ್ಟು ಇಳಿಸಬಹುದಿತ್ತು. ಯಾವ ಬಣ್ಣದ ಪ್ರತಿಕಾಯ ಕೊಳ್ಳಬೇಕೆಂಬುದೂ ಹೀಗೆಯೇ: ನಮ್ಮ ಯಂತ್ರದಲ್ಲಿ ಯಾವ ಲೇಸರ್‌ಗಳಿವೆ, ಯಾವ ಎರಡು ಬಣ್ಣಗಳ ಬೆಳಕು ಒಂದರ ಮೇಲೊಂದು ಬೀಳುತ್ತದೆ ಎಂಬುದನ್ನು ತಿಳಿಯದೆ ಕೊಂಡ ದುಬಾರಿ ಸೀಸೆಗಳು ಫ್ರಿಜ್ಜಿನಲ್ಲೇ ಉಳಿದುಹೋಗುತ್ತವೆ. ಪ್ರತಿ ಬಣ್ಣಕ್ಕೂ ಅದೊಂದನ್ನೇ ಹಚ್ಚಿದ ನಿಯಂತ್ರಣ ಮಾದರಿ ಇಲ್ಲದಿದ್ದರೆ, ಬಂದ ಫಲಿತಾಂಶವನ್ನು ನಂಬುವ ದಾರಿಯೇ ಇರುವುದಿಲ್ಲ.

ಸೂಕ್ಷ್ಮದರ್ಶಕದ ವಿಷಯದಲ್ಲಿ ತೊಂದರೆ ಇನ್ನೂ ಚಿಕ್ಕ ವಸ್ತುವಿನಿಂದ ಹುಟ್ಟಬಹುದು. ಹೆಚ್ಚಿನ ಆಬ್ಜೆಕ್ಟಿವ್‌ಗಳನ್ನು (ಮಾದರಿಯ ಹತ್ತಿರವಿರುವ ಮಸೂರಗಳನ್ನು) 0.17 ಮಿಲಿಮೀಟರ್ ದಪ್ಪದ ಕವರ್‌ಸ್ಲಿಪ್‌ಗೆ, ಅಂದರೆ ಮಾದರಿಯ ಮೇಲೆ ಮುಚ್ಚುವ ತೆಳು ಗಾಜಿಗೆ, ಹೊಂದುವಂತೆ ವಿನ್ಯಾಸಗೊಳಿಸಿರುತ್ತಾರೆ. ಇದು ಪೆಟ್ಟಿಗೆಯ ಮೇಲೆ 1.5 ಎಂಬ ಸಂಖ್ಯೆಯೊಂದಿಗೆ ಸಿಗುವ ಗಾಜು. ಕೋಶಗಳನ್ನು ಸಾಮಾನ್ಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ ತಂದರೆ, ಆ ತಟ್ಟೆಯ ದಪ್ಪ ತಳದಿಂದಾಗಿ ಎಣ್ಣೆ ಹಾಕಿ ನೋಡುವ ಆಬ್ಜೆಕ್ಟಿವ್ ಕೋಶಗಳ ಮೇಲೆ ಫೋಕಸ್ ಆಗುವುದೇ ಇಲ್ಲ. ಇದಕ್ಕಿಂತ ಮೂಲಭೂತವಾದ ಮಿತಿಯೊಂದನ್ನು ಜರ್ಮನ್ ಭೌತವಿಜ್ಞಾನಿ ಎರ್ನ್ಸ್ಟ್ ಆಬೆ 1873ರಲ್ಲೇ ತೋರಿಸಿಕೊಟ್ಟಿದ್ದಾರೆ: ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ನೀವು ನೋಡಬೇಕೆಂದಿರುವುದು ಸುಮಾರು 40 ನ್ಯಾನೋಮೀಟರಿನ ನರಸಂಧಿ ಕೋಶಿಕೆಗಳ (ನರಕೋಶಗಳು ಸೇರುವಲ್ಲಿರುವ ಸಣ್ಣ ಚೀಲಗಳ) ಆಕಾರವಾದರೆ, ಎಷ್ಟೇ ಒಳ್ಳೆಯ ಕಾನ್‌ಫೋಕಲ್ (ಲೇಸರ್ ಬೆಳಕಿನ ಸೂಕ್ಷ್ಮದರ್ಶಕ) ಆದರೂ ಸಾಲದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಅದಕ್ಕೆ ಅಂಗಾಂಶವನ್ನು ಸ್ಥಿರೀಕರಿಸುವ ರಾಸಾಯನಿಕಗಳೇ ಬೇರೆ, ಒಂದಕ್ಕೆಂದು ಸಿದ್ಧಪಡಿಸಿದ್ದು ಇನ್ನೊಂದಕ್ಕೆ ಒದಗುವುದು ಅಪರೂಪ.

ಬೇರೆ ವಿಭಾಗಗಳಲ್ಲಿಯೂ ಇದೇ ಕಥೆ. ಪ್ರೋಟೀನ್ ಮಾದರಿಯಲ್ಲಿ ಟ್ರೈಟಾನ್ ಅಥವಾ ಟ್ವೀನ್‌ನಂಥ ಡಿಟರ್ಜೆಂಟ್ ಉಳಿದಿದ್ದರೆ, ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅದರ ಸಂಕೇತವೇ ಉಳಿದೆಲ್ಲವನ್ನೂ ಮುಳುಗಿಸಿಬಿಡುತ್ತದೆ. ಕೈಗವಸಿಲ್ಲದೆ ಮುಟ್ಟಿದರೆ ಚರ್ಮದ ಕೆರಾಟಿನ್ ಸೇರಿಕೊಳ್ಳುತ್ತದೆ. ಸೀಕ್ವೆನ್ಸಿಂಗ್‌ಗೆ ಕೊಡುವ ಆರ್‌ಎನ್‌ಎ ಒಡೆದುಹೋಗಿದ್ದರೆ ಯಂತ್ರ ಅದನ್ನು ಸರಿಪಡಿಸಲಾರದು. ಇವೆಲ್ಲಕ್ಕಿಂತ ನನಗೆ ಹೆಚ್ಚು ನೋವೆನಿಸುವುದು, ನಿಯಂತ್ರಣ ಗುಂಪನ್ನೆಲ್ಲ ಒಂದು ದಿನ, ಔಷಧ ಕೊಟ್ಟ ಗುಂಪನ್ನೆಲ್ಲ ಇನ್ನೊಂದು ದಿನ ಸಂಸ್ಕರಿಸಿದ ಮಾದರಿಗಳನ್ನು ಕಂಡಾಗ. ಅಲ್ಲಿ ಕಂಡ ವ್ಯತ್ಯಾಸ ಔಷಧದ್ದೋ ದಿನದ್ದೋ ಎಂಬುದನ್ನು ಯಾವ ಗಣಿತದಿಂದಲೂ ಬಿಡಿಸಲಾಗದು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಸುವುದು ಶವಪರೀಕ್ಷೆಗೆ ಕರೆದಂತೆ ಎಂಬ ಅರ್ಥದ ಮಾತನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1938ರಲ್ಲಿ ಹೇಳಿದ್ದರು; ಉಪಕರಣ ನಡೆಸುವವರ ವಿಷಯದಲ್ಲೂ ಅದು ಅಕ್ಷರಶಃ ನಿಜ.

ಶುಲ್ಕದ ವಿಷಯ ಸರಳವಾಗಿದೆ. ಉಪಕರಣ ಕೊಳ್ಳಲು ಅನುದಾನ ಸಿಗುತ್ತದೆ, ಅದನ್ನು ವರ್ಷವರ್ಷವೂ ಸುಸ್ಥಿತಿಯಲ್ಲಿಡಲು ಸಿಗುವುದು ಕಷ್ಟ. ಕಂಪನಿಯೊಂದಿಗಿನ ವಾರ್ಷಿಕ ನಿರ್ವಹಣಾ ಒಪ್ಪಂದ, ಲೇಸರ್‌ಗಳ ಬದಲಾವಣೆ, ತರಬೇತಿ ಪಡೆದ ಸಿಬ್ಬಂದಿಯ ವೇತನ, ಇವುಗಳ ಒಂದು ಭಾಗ ಮಾತ್ರ ನಿಮ್ಮ ಗಂಟೆಯ ಶುಲ್ಕದಿಂದ ಬರುತ್ತದೆ. ಸಂಸ್ಥೆಯ ಒಳಗಿನವರಿಗೆ ಕಡಿಮೆ ದರ, ಉದ್ಯಮದವರಿಗೆ ಹೆಚ್ಚಿನ ದರ ಇರುವುದು ಸಾಮಾನ್ಯ. ನಿಮ್ಮ ಮಾರ್ಗದರ್ಶಕರು ಅನುದಾನಕ್ಕೆ ಅರ್ಜಿ ಹಾಕುವಾಗಲೇ ಈ ಮೊತ್ತವನ್ನು ಬಜೆಟ್ಟಿನಲ್ಲಿ ಸೇರಿಸುವಂತೆ ಕೇಳಿಕೊಳ್ಳಿ.

ಹೆಸರಿನ ಪ್ರಶ್ನೆಯಲ್ಲಿ ಗೊಂದಲ ಹೆಚ್ಚು. ಶುಲ್ಕ ಕೊಟ್ಟಾಯಿತು, ಆದ್ದರಿಂದ ಸಹಲೇಖಕತ್ವದ ಮಾತೇ ಇಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮಾರ್ಗದರ್ಶಕರಿಗೂ ಸಂಬಳ ಬರುತ್ತದೆ, ಅದರಿಂದ ಅವರ ಲೇಖಕತ್ವ ಕಳೆದುಹೋಗುವುದಿಲ್ಲವಲ್ಲ. ಅಂತಾರಾಷ್ಟ್ರೀಯ ವೈದ್ಯಕೀಯ ನಿಯತಕಾಲಿಕ ಸಂಪಾದಕರ ಸಮಿತಿಯ ಮಾನದಂಡಗಳು ನಾಲ್ಕು: ವಿನ್ಯಾಸ, ದತ್ತಾಂಶ ಅಥವಾ ವಿಶ್ಲೇಷಣೆಗೆ ಗಣನೀಯ ಕೊಡುಗೆ; ಬರವಣಿಗೆ ಅಥವಾ ಗಂಭೀರ ಪರಿಷ್ಕರಣೆ; ಅಂತಿಮ ಒಪ್ಪಿಗೆ; ಕೆಲಸದ ಹೊಣೆಗಾರಿಕೆ. ನಾಲ್ಕೂ ಪೂರೈಸಿದವರು ಲೇಖಕರು. ನಿಗದಿತ ವಿಧಾನದಂತೆ ಮಾದರಿ ಓಡಿಸಿಕೊಟ್ಟವರಿಗೆ ಕೃತಜ್ಞತೆಯ ಭಾಗದಲ್ಲಿ ಘಟಕದ ಪೂರ್ಣ ಹೆಸರು ಮತ್ತು ಇದ್ದರೆ ಅದರ ಆರ್‌ಆರ್‌ಐಡಿ (ಸಂಶೋಧನಾ ಸಂಪನ್ಮೂಲಗಳಿಗೆ ಕೊಡುವ) ಗುರುತುಸಂಖ್ಯೆ ಸಾಕು. ಅದನ್ನು ದಯವಿಟ್ಟು ಮರೆಯಬೇಡಿ, ಏಕೆಂದರೆ ಮುಂದಿನ ಉಪಕರಣಕ್ಕೆ ಹಣ ಕೇಳುವಾಗ ಘಟಕವು ತೋರಿಸಬಹುದಾದ ಪುರಾವೆ ಆ ಒಂದು ಸಾಲು.

ಮೊದಲ ಭೇಟಿಗೆ ಬರುವಾಗ ನಿಮ್ಮ ಸಂಶೋಧನಾ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ತನ್ನಿ. ಅದರ ಜೊತೆಗೆ ನೀವು ಅನುಸರಿಸಬೇಕೆಂದಿರುವ ಪ್ರಬಂಧದ ಪ್ರತಿ, ಗುಂಪುಗಳ ಸಂಖ್ಯೆ ಮತ್ತು ಅಂದಾಜು ಬಜೆಟ್ ಇರಲಿ. ಸ್ಥಿರೀಕರಿಸದ ಮಾನವ ರಕ್ತ ಅಥವಾ ವೈರಾಣು ಹಾಕಿದ ಕೋಶಗಳಿದ್ದರೆ ಮೊದಲೇ ಹೇಳಲೇಬೇಕು, ಏಕೆಂದರೆ ಸಾರ್ಟರ್ ಕೆಲಸ ಮಾಡುವಾಗ ಸೂಕ್ಷ್ಮ ತುಂತುರು ಗಾಳಿಗೆ ಸೇರಬಹುದು ಮತ್ತು ಅದನ್ನು ಉಸಿರಾಡುವವರು ಯಂತ್ರದ ಪಕ್ಕದಲ್ಲಿರುವವರು. ದತ್ತಾಂಶವನ್ನು ಯಂತ್ರ ಕೊಟ್ಟ ಮೂಲ ರೂಪದಲ್ಲಿಯೇ ಅದೇ ದಿನ ನಕಲು ಮಾಡಿಕೊಳ್ಳಿ. ಚಿತ್ರವನ್ನು ಕೇವಲ ಜೆಪೆಗ್ ಆಗಿ ಉಳಿಸಿದರೆ ಲೇಸರ್ ಶಕ್ತಿ, ಪಿಕ್ಸೆಲ್ ಗಾತ್ರದಂಥ ಮಾಹಿತಿ ಹೊರಟುಹೋಗುತ್ತದೆ, ಆಮೇಲೆ ವಿಮರ್ಶಕರು ಅದನ್ನೇ ಕೇಳುತ್ತಾರೆ. ಕಾಯ್ದಿರಿಸಿದ ಸಮಯ ಬೇಡವಾದರೆ ಹಿಂದಿನ ದಿನವೇ ರದ್ದುಮಾಡಿ, ಆ ಸ್ಲಾಟ್‌ಗಾಗಿ ಇನ್ನೊಬ್ಬರು ಕೋಶಗಳನ್ನು ಬೆಳೆಸಿಟ್ಟುಕೊಂಡು ಕಾಯುತ್ತಿರುತ್ತಾರೆ.