ಮಗನಿಗೆ ಫ್ಲೂ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಹರಡದಂತೆ ಏನು ಮಾಡಬೇಕು?

ಎರಡೇ ರೂಮಿನ ಬಾಡಿಗೆ ಮನೆ, ಒಂದೇ ಬಾತ್‌ರೂಮ್, ಮಗನಿಗೆ ಫ್ಲೂ ಅಂತ ರಿಪೋರ್ಟ್ ಬಂದಿದೆ, ಅತ್ತೆಗೆ 72 ವರ್ಷ, ಜೊತೆಗೆ ಶುಗರ್ ಬೇರೆ, ಅವರನ್ನು ಹೇಗೆ ಕಾಪಾಡೋದು ಅಂತ ಕೇಳಿದ್ದೀರಿ. ಮೊದಲು ಕಿಟಕಿ ತೆಗೆಯಿರಿ. ನೆಲ ಒರೆಸೋದು, ಬಾಗಿಲ ಹಿಡಿ ಒರೆಸೋದು ಎಲ್ಲ ಆಮೇಲೆ.

ನಮ್ಮ ಅಪ್ಪನಿಗೆ ಆಸ್ತಮಾ. ಹಾಗಾಗಿ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ನಾವು ಮೊದಲು ನೋಡುವುದು ಗಾಳಿ ಎತ್ತ ಹೋಗುತ್ತಿದೆ ಅಂತ. ಕೆಮ್ಮಿದಾಗ ಮಾತ್ರ ಅಲ್ಲ, ಮಾತಾಡುವಾಗ, ಸುಮ್ನೆ ಉಸಿರಾಡುವಾಗಲೂ ವೈರಸ್ ಇರುವ ಸಣ್ಣ ಸಣ್ಣ ಹನಿಗಳು ಹೊರಗೆ ಬರುತ್ತವೆ, ಮುಚ್ಚಿದ ರೂಮಿನಲ್ಲಿ ಅವು ತುಂಬಾ ಹೊತ್ತು ತೇಲುತ್ತಲೇ ಇರುತ್ತವೆ. ಸೀಲಿಂಗ್ ಫ್ಯಾನ್ ಹಾಕಿದರೆ ಅದೇ ಗಾಳಿ ಅಲ್ಲೇ ಸುತ್ತುತ್ತದೆ ಅಷ್ಟೇ. ಮಗನ ರೂಮಿನ ಕಿಟಕಿ ಹತ್ತಿರ ಒಂದು ಟೇಬಲ್ ಫ್ಯಾನ್ ಇಡಿ, ಮುಖ ಹೊರಗಡೆಗೆ ಇರಲಿ. ರೂಮಿನ ಬಾಗಿಲು ಮುಚ್ಚಿ, ಕೆಳಗಿನ ಸಂದಿ ಹಾಗೇ ಬಿಡಿ. ಹಾಲ್ ಕಿಟಕಿ ತೆರೆದಿರಲಿ. ಈಗ ಒಂದು ಊದಿನಕಡ್ಡಿ ಹಚ್ಚಿ ಆ ಸಂದಿಯ ಹತ್ತಿರ ಹಿಡಿಯಿರಿ (ಅಪ್ಪ ಹೊರಗೆ ಹೋದಾಗ ನಾವು ನೋಡುತ್ತೇವೆ, ಅವರಿಗೆ ಹೊಗೆ ಆಗಲ್ಲ). ಹೊಗೆ ರೂಮಿನ ಒಳಗೆ ಎಳೆದುಕೊಂಡು ಹೋದರೆ ಸರಿಯಾಗಿದೆ. ನಿಮ್ಮ ಕಡೆಗೇ ಬಂದರೆ ಫ್ಯಾನ್ ಸ್ಪೀಡ್ ಜಾಸ್ತಿ ಮಾಡಿ, ಇಲ್ಲಾಂದ್ರೆ ಹಾಲ್‌ನ ಇನ್ನೊಂದು ಕಿಟಕಿ ತೆಗೆದು ನೋಡಿ. ಸೊಳ್ಳೆ ಬರುತ್ತೆ ಅಂತ ಕಿಟಕಿ ಮುಚ್ಚಬೇಡಿ, ಮೆಶ್ ಇದ್ದರೂ ಗಾಳಿ ಓಡಾಡುತ್ತದೆ.

ಬಾತ್‌ರೂಮಿಗೆ ಮಗ ಎಲ್ಲರ ಸ್ನಾನ ಆದಮೇಲೆ ಹೋಗಲಿ, ಎಕ್ಸಾಸ್ಟ್ ಫ್ಯಾನ್ ಆಮೇಲೂ ಸ್ವಲ್ಪ ಹೊತ್ತು ಓಡುತ್ತಿರಲಿ. ರೂಮಿಂದ ಹೊರಗೆ ಬರುವಾಗ ಅವನಿಗೆ ಮಾಸ್ಕ್ ಬೇಕೇ ಬೇಕು, ಊಟ ಕೊಡಲು ಒಳಗೆ ಹೋಗುವ ನಿಮಗೂ ಬೇಕು, ಎನ್95 ಆದರೆ ಒಳ್ಳೆಯದು. ಮೂಗಿನ ಮೇಲಿನ ತಂತಿಯನ್ನು ಚೆನ್ನಾಗಿ ಒತ್ತಿ. ಕನ್ನಡಕದ ಮೇಲೆ ಮಂಜು ಕಟ್ಟಿದರೆ ಮೇಲಿಂದ ಗಾಳಿ ಸೋರುತ್ತಿದೆ ಅಂತ ಅರ್ಥ. ಹೊರಗೆ ಬಂದಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಈ ವೈರಸ್ಸಿನ ಮೇಲಿರುವ ಕೊಬ್ಬಿನ ಪದರ ಸೋಪಿಗೆ ಒಡೆದುಹೋಗುತ್ತದೆ.

ಇನ್ನೊಂದು ವಿಷಯ, ಇದು ಮುಖ್ಯ. ಫ್ಲೂ ಜ್ವರ ಕಾಣಿಸಿಕೊಳ್ಳುವ ಒಂದು ದಿನ ಮುಂಚೆಯೇ ಹರಡಲು ಶುರುವಾಗುತ್ತದೆ, ಆಮೇಲೂ 5ರಿಂದ 7 ದಿನ ಹರಡಬಹುದು, ಮಕ್ಕಳಲ್ಲಿ ಇನ್ನೂ ಜಾಸ್ತಿ. ಅಂದರೆ ಅತ್ತೆಗೆ ಈಗಾಗಲೇ ತಗುಲಿರಬಹುದು. ಅವರನ್ನು ನೋಡುವ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಮನೆಯಲ್ಲಿ ಫ್ಲೂ ಇದೆ ಅಂತ ಹೇಳಿ. ಒಸೆಲ್ಟಾಮಿವಿರ್ ಅನ್ನುವ, ಫ್ಲೂ ವೈರಸ್ಸಿಗೇ ಕೊಡುವ ಮಾತ್ರೆಯನ್ನು ಲಕ್ಷಣ ಕಂಡ 48 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಕೊಡಬೇಕಾ ಬೇಡವಾ ಅಂತ ಅವರೇ ಹೇಳಲಿ. ನೀವೇ ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ತರಬೇಡಿ, ಅದು ವೈರಸ್ಸಿಗೆ ಕೆಲಸ ಮಾಡಲ್ಲ. ಮೆಣಸು ಜೀರಿಗೆ ಕಷಾಯ ಕುಡಿಯಲಿ, ಗಂಟಲಿಗೆ ಹಿತವಾಗುತ್ತದೆ, ಆದರೆ ಅದನ್ನು ನಂಬಿ ಕಿಟಕಿ ಮುಚ್ಚಬಾರದು ಅಲ್ವಾ.

ವಯಸ್ಸಾದವರಿಗೆ ಕೆಲವು ಸಲ ಜ್ವರವೇ ಬರುವುದಿಲ್ಲ. ಊಟ ಬೇಡ ಅನ್ನೋದು, ಸುಮ್ನೆ ಮಲಗಿಬಿಡೋದು, ಮಾತಿಗೆ ಮಾತು ಹೊಂದದಿರೋದು, ಇಷ್ಟೇ ಕಾಣಬಹುದು. ಉಸಿರಾಟ ಜೋರಾದರೆ ಅಥವಾ ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ತೋರಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶುಗರ್ ಇರುವುದರಿಂದ ಅದನ್ನೂ ದಿನಾ ಚೆಕ್ ಮಾಡುತ್ತಿರಿ, ಸೋಂಕು ಇದ್ದಾಗ ಅದು ಏರುತ್ತದೆ.